ಅಂಟಿಸಿದ ಹಾಳೆಯ ಮೇಲಿನ ಸಹಿ: ಭಯಾನಕ ಕಥೆಗಳ ಸೀಮಿತ ಆವೃತ್ತಿಯೊಂದರ ವಿಮರ್ಶೆ

ಮುಂಗಡ ಹಣ ಪಾವತಿಸಿ ಹತ್ತೊಂಬತ್ತು ತಿಂಗಳು ಕಾದ ನಂತರ ಕಳೆದ ವಾರ ಕೈಸೇರಿದ ಪುಸ್ತಕವೊಂದನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಭಯಾನಕ ಸಾಹಿತ್ಯವನ್ನಷ್ಟೇ ಪ್ರಕಟಿಸುವ ಸಣ್ಣ ಪ್ರಕಾಶನವೊಂದು ಹೊರತಂದಿರುವ, ಲೇಖಕರ ಮತ್ತು ಚಿತ್ರಕಾರರ ಸಹಿಯುಳ್ಳ, ಐನೂರು ಪ್ರತಿಗಳಿಗೆ ಸೀಮಿತವಾದ ಕಥಾಸಂಕಲನ ಇದು. ನನ್ನ ಪ್ರತಿಯ ಸಂಖ್ಯೆ 341. ಹದಿಮೂರನೆಯ ಪ್ರತಿಯೇ ಬೇಕು, 217ನೆಯದೇ ಬೇಕು ಎಂದು ಹಟ ಹಿಡಿಯುವ ಸಂಗ್ರಾಹಕರಿದ್ದಾರೆ; ಎರಡನೆಯದು ಸ್ಟೀಫನ್ ಕಿಂಗ್ ಅವರ ‘ದ ಶೈನಿಂಗ್’ ಕಾದಂಬರಿಯಲ್ಲಿ ಬರುವ ಕುಖ್ಯಾತ ಕೋಣೆಯ ಸಂಖ್ಯೆ. ನನಗೆ ಅಂತಹ ಹಟವಿಲ್ಲ, ಅದೃಷ್ಟವೂ ಇಲ್ಲ. ಮುಂದೆ ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಪುಸ್ತಕಗಳಿಗೆಲ್ಲ ಸಲ್ಲುವಂಥವಾದ್ದರಿಂದ ಪ್ರಕಾಶನದ ಹೆಸರನ್ನು ಬರೆಯುತ್ತಿಲ್ಲ.

ಪುಸ್ತಕದ ದೇಹದ ಬಗ್ಗೆ ದೂರಿಲ್ಲ. ಕಪ್ಪು ಬಟ್ಟೆಯ ರಟ್ಟು, ದಾರದಿಂದ ಹೊಲಿದ ಬೈಂಡಿಂಗ್, ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮಡಚಿಕೊಳ್ಳದ ಪುಟಗಳು, ಬೆರಳಿಗೆ ಒರಟಾಗಿ ತಾಗುವ ದಪ್ಪ ಕಾಗದ, ಪುಸ್ತಕವನ್ನು ತೂರಿಸಿಡಲು ಅದೇ ಬಟ್ಟೆ ಹೊದಿಸಿದ ಸ್ಲಿಪ್‌ಕೇಸ್. ಒಳಗಿನ ಆರು ಚಿತ್ರಗಳಲ್ಲಿ ಎರಡು ಕಥೆಯ ಕೊನೆಯನ್ನು ಮೊದಲೇ ಬಿಟ್ಟುಕೊಡುತ್ತವೆ. ಭಯ ಹುಟ್ಟಿಸಬೇಕಾದ ಪುಸ್ತಕದಲ್ಲಿ ಇದು ಸಣ್ಣ ತಪ್ಪಲ್ಲವಾದರೂ ಚಿತ್ರಗಳ ಗೆರೆ ಎಷ್ಟು ಚೆನ್ನಾಗಿದೆಯೆಂದರೆ ಕ್ಷಮಿಸಿಬಿಟ್ಟೆ.

ಆದರೆ ಈ ಪುಸ್ತಕವನ್ನು ಕೊಳ್ಳುವವರು ಕೊಳ್ಳುವುದು ಸಹಿಗಾಗಿ. ಆದ್ದರಿಂದ ಸಹಿ ಇರುವ ಹಾಳೆಯನ್ನೇ ವಿಸ್ತಾರವಾಗಿ ನೋಡಬೇಕು. ಲೇಖಕರು ಸಿದ್ಧವಾದ ಪುಸ್ತಕವನ್ನು ಕೈಯಲ್ಲಿ ಹಿಡಿದು ಸಹಿ ಮಾಡಿರುತ್ತಾರೆಂದು ಹೊಸ ಸಂಗ್ರಾಹಕರು ನಂಬಿರುವುದುಂಟು. ಸೀಮಿತ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಹಾಗೆ ನಡೆಯುವುದಿಲ್ಲ. ಪ್ರಕಾಶಕರು ಬಿಡಿ ಹಾಳೆಗಳ ಕಟ್ಟನ್ನು ಲೇಖಕರ ಮನೆಗೆ ಕಳಿಸುತ್ತಾರೆ. ಲೇಖಕರು ನೂರಾರು ಹಾಳೆಗಳಿಗೆ ಒಂದೇ ಸಮನೆ ಸಹಿ ಹಾಕಿ ಹಿಂತಿರುಗಿಸುತ್ತಾರೆ. ಚಿತ್ರಕಾರರಿದ್ದರೆ ಅದೇ ಕಟ್ಟು ಅವರಲ್ಲಿಗೂ ಹೋಗಿ ಬರುತ್ತದೆ. ಕೊನೆಗೆ ಬೈಂಡಿಂಗ್ ಮಾಡುವವರು ಒಂದೊಂದು ಹಾಳೆಯನ್ನು ಒಂದೊಂದು ಪುಸ್ತಕದ ಮೊದಲ ಪುಟಗಳ ನಡುವೆ ಹೊಲಿಯುತ್ತಾರೆ ಅಥವಾ ಬುಡಕ್ಕೆ ತೆಳುವಾಗಿ ಅಂಟು ಸವರಿ ಸೇರಿಸುತ್ತಾರೆ. ಹಾಳಾಗಬಹುದಾದ ಪ್ರತಿಗಳ ಲೆಕ್ಕ ಹಿಡಿದು ಬೇಕಾದುದಕ್ಕಿಂತ ಕೆಲವು ಹೆಚ್ಚು ಹಾಳೆಗಳಿಗೆ ಸಹಿ ಹಾಕಿಸಿಕೊಳ್ಳುವುದೂ ವಾಡಿಕೆ. ನನ್ನ ಪ್ರತಿಯಲ್ಲಿ ಈ ಅಂಟು ಹೆಚ್ಚಾಗಿದೆ. ಬುಡದಲ್ಲಿ ಹಾಳೆ ಅಲೆಅಲೆಯಾಗಿ ಸುಕ್ಕುಗಟ್ಟಿದೆ, ಪುಟ ತಿರುಗಿಸಿದಾಗ ಪಕ್ಕದ ಶೀರ್ಷಿಕೆ ಪುಟವನ್ನೂ ಎಳೆಯುತ್ತದೆ. ಲೇಖಕರ ಸಹಿ ಮಾತ್ರ ನಿರ್ವಿವಾದವಾಗಿ ಕೈಬರಹವೇ: ಮೊದಲಕ್ಷರದಲ್ಲಿ ಶಾಯಿ ದಟ್ಟವಾಗಿದ್ದು ಬಾಲದಲ್ಲಿ ತೆಳುವಾಗುತ್ತದೆ, ಒತ್ತಿದ ಕಡೆ ಹಾಳೆಯ ಹಿಂಬದಿಯಲ್ಲಿ ಉಬ್ಬು ಬೆರಳಿಗೆ ಸಿಗುತ್ತದೆ.

ಈ ಉಬ್ಬನ್ನು ತಡವಿ ನೋಡುವುದು ಹುಚ್ಚು ಎನ್ನಿಸಬಹುದು. ಯಂತ್ರದ ಕೈಯಲ್ಲಿ ಪೆನ್ನು ಹಿಡಿಸಿ ಸಹಿ ಹಾಕಿಸುವ ಆಟೋಪೆನ್ ಎಂಬ ಸಾಧನ ಬಂದು ದಶಕಗಳಾಗಿವೆ. 2022ರಲ್ಲಿ ಬಾಬ್ ಡಿಲನ್ ಅವರ ಪುಸ್ತಕವೊಂದರ ಸಹಿಯುಳ್ಳ 900 ಪ್ರತಿಗಳನ್ನು ಪ್ರಸಿದ್ಧ ಪ್ರಕಾಶನ ಸಂಸ್ಥೆಯೊಂದು ಮಾರಿದಾಗ, ಕೊಂಡವರು ತಮ್ಮ ತಮ್ಮ ಪ್ರತಿಗಳ ಚಿತ್ರಗಳನ್ನು ಹೋಲಿಸಿ ನೋಡಿ ಸಹಿಗಳು ಯಂತ್ರದವು ಎಂದು ಪತ್ತೆಹಚ್ಚಿದರು. ಸಂಸ್ಥೆ ಹಣ ಹಿಂದಿರುಗಿಸಿತು, ಲೇಖಕರೂ ತಪ್ಪೊಪ್ಪಿಕೊಂಡರು. ಅದು ಭಯಾನಕ ಸಾಹಿತ್ಯವಲ್ಲ, ಆದರೆ ಅಂದಿನಿಂದ ನಮ್ಮ ವಲಯದಲ್ಲೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಹೆಚ್ಚಿದೆ. ಮನುಷ್ಯನ ಕೈ ಎರಡು ಸಲ ಒಂದೇ ಸಹಿಯನ್ನು ಪಡಿಯಚ್ಚಿನಂತೆ ಹಾಕಲಾರದು. 341ನೆಯ ಪ್ರತಿಯನ್ನು ಸ್ನೇಹಿತರೊಬ್ಬರ 88ನೆಯದರೊಡನೆ ಹೋಲಿಸಿದೆ. ನನ್ನದರಲ್ಲಿ ಕೊನೆಯ ಎರಡು ಅಕ್ಷರಗಳು ಕೂಡಿಕೊಂಡು ಒಂದು ಗೀರಾಗಿವೆ. ಅಷ್ಟು ಹೊತ್ತಿಗೆ ಲೇಖಕರಿಗೆ ಸುಸ್ತಾಗಿತ್ತೆಂದು ಕಾಣುತ್ತದೆ. ಆ ಗೀರು ನನಗೆ ಸಹಿಗಿಂತ ಪ್ರಿಯವಾಗಿದೆ.

ಪೆಟ್ಟಿಗೆಯಲ್ಲಿ ದಪ್ಪ ಕಾಗದದ ಮೇಲೆ ಹೊಳೆಯುವ ಮುದ್ರೆಯೊತ್ತಿದ ಪ್ರಮಾಣಪತ್ರವೊಂದೂ ಇತ್ತು. ಅದರ ಅಗತ್ಯವೇನೆಂದು ತಿಳಿಯಲಿಲ್ಲ. ಸಹಿಯ ಹಾಳೆ ಪ್ರಕಾಶಕರಿಂದ ಲೇಖಕರಿಗೆ, ಅಲ್ಲಿಂದ ಬೈಂಡಿಂಗ್‌ಗೆ, ಅಲ್ಲಿಂದ ನನಗೆ ಬಂದಿರುವುದೇ ಪ್ರಮಾಣ. ಅಂತಹ ಸರಪಳಿಯಿಲ್ಲದ ಸಹಿಗೆ ಎಷ್ಟು ಪತ್ರ ಲಗತ್ತಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಸಹಿಯನ್ನು ಫೋರ್ಜರಿ ಮಾಡುವವನಿಗೆ ಪತ್ರವನ್ನು ಅಚ್ಚು ಹಾಕಿಸುವುದು ಕಷ್ಟದ ಕೆಲಸವಲ್ಲ. ಕೆಲವೊಮ್ಮೆ ಇಸವಿಗಳನ್ನು ನೋಡಿದರೂ ಸಾಕು. ಭಯಾನಕ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ತೀರಿಕೊಂಡದ್ದು 1937ರಲ್ಲಿ. ಅವರ ಕಥೆಗಳು ಕಳೆದುಹೋಗಬಾರದೆಂದು ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೆ ಅರ್ಕಮ್ ಹೌಸ್ ಎಂಬ ಪ್ರಕಾಶನವನ್ನು ಕಟ್ಟಿ ಮೊದಲ ಸಂಕಲನವನ್ನು 1,268 ಪ್ರತಿಗಳಲ್ಲಿ ಅಚ್ಚು ಹಾಕಿಸಿದ್ದು 1939ರಲ್ಲಿ. ಆ ಸಂಕಲನದಲ್ಲಿ ಲವ್‌ಕ್ರಾಫ್ಟ್ ಸಹಿ ಕಂಡರೆ ಅದನ್ನು ಹಾಕಿದ್ದು ಅವರ ಕಥೆಗಳಲ್ಲಿ ಬರುವಂಥ ಯಾವುದೋ ಜೀವಿಯೇ ಇರಬೇಕು.

ಭಯಾನಕ ಸಾಹಿತ್ಯಕ್ಕೆ ಇಂತಹ ಸಣ್ಣ ಪ್ರಕಾಶನಗಳೊಂದಿಗಿನ ನಂಟು ಹಳೆಯದು, ವಿಚಿತ್ರವಾದದ್ದೂ ಹೌದು. ಕಣ್ಣೋಟದಿಂದಲೇ ಬೆಂಕಿ ಹಚ್ಚಬಲ್ಲ ಹುಡುಗಿಯ ಕಥೆಯಾದ ಕಿಂಗ್ ಅವರ ‘ಫೈರ್‌ಸ್ಟಾರ್ಟರ್’ ಕಾದಂಬರಿಯನ್ನು 1980ರಲ್ಲಿ ಫ್ಯಾಂಟೇಸಿಯಾ ಪ್ರೆಸ್ ಸಹಿಯುಳ್ಳ 725 ಪ್ರತಿಗಳಲ್ಲಿ ಹೊರತಂದಿತು. ಅವಲ್ಲದೆ ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರ ಹೊತ್ತ ಇನ್ನೂ 26 ಪ್ರತಿಗಳಿಗೆ ಬೆಂಕಿ ತಾಗದ ಆಸ್‌ಬೆಸ್ಟಾಸ್ ಬಟ್ಟೆಯ ರಟ್ಟು ಹಾಕಿಸಿತು. ವಸ್ತುವಿಗೂ ಹೊದಿಕೆಗೂ ಅಷ್ಟು ಒಪ್ಪುವ ಸಂಬಂಧವಿದ್ದಾಗ ಸೀಮಿತ ಆವೃತ್ತಿಗೆ ಅರ್ಥ ಬರುತ್ತದೆ. ನನ್ನೆದುರಿನ ಪುಸ್ತಕದಲ್ಲಿ ಅಂತಹ ಕಲ್ಪನೆ ಕಾಣುವುದಿಲ್ಲ. ಕಪ್ಪು ಬಟ್ಟೆ, ಬೆಳ್ಳಿಯ ತಲೆಬುರುಡೆ. ಈಗಾಗಲೇ ನನ್ನ ಕಪಾಟಿನಲ್ಲಿ ಇಂಥ ತಲೆಬುರುಡೆಗಳು ಏಳಿವೆ.

ಅಂಟಿಸಿದ ಹಾಳೆ ಬೇಡವೆನ್ನುವವರಿಗೆ ಲೇಖಕರ ಎದುರೇ ನಿಂತು ಸಹಿ ಪಡೆಯುವ ಮಾರ್ಗವಿದೆ, ಮತ್ತು ಅದರ ಸುಖವೇ ಬೇರೆ. ಕ್ಲೈವ್ ಬಾರ್ಕರ್ ಅವರಂತಹ ಲೇಖಕರು ಸಹಿಯೊಂದಿಗೆ ಪುಟದ ಮೇಲೆ ಚಿತ್ರವನ್ನೂ ಬರೆದುಕೊಟ್ಟಿರುವ ಪ್ರತಿಗಳಿವೆ. ಅವನ್ನು ಯಾವ ಸ್ಲಿಪ್‌ಕೇಸೂ ಸರಿಗಟ್ಟಲಾರದು. ಓದುಗರ ಹೆಸರು ಬರೆದು ಕೊಟ್ಟ ಸಹಿಗಿಂತ ಬರಿಯ ಸಹಿಗೆ ಮರುಮಾರಾಟದಲ್ಲಿ ಬೆಲೆ ಹೆಚ್ಚು ಎಂದು ಅನೇಕರು ಹೆಸರನ್ನೇ ಬರೆಸುವುದಿಲ್ಲ. ಮಾರುವ ಉದ್ದೇಶವಿಲ್ಲದವರೂ ಈ ಲೆಕ್ಕಾಚಾರ ಮಾಡುವುದು ನನಗೆ ಅರ್ಥವಾಗಿಲ್ಲ. ಬುಕ್‌ಪ್ಲೇಟ್, ಎಂದರೆ ಸಹಿ ಮಾಡಿದ ಚೀಟಿಯನ್ನು ಪುಸ್ತಕದೊಳಗೆ ಅಂಟಿಸುವ ಪದ್ಧತಿ, ಮೂರರಲ್ಲಿ ಅಗ್ಗದ್ದು ಮತ್ತು ದುರ್ಬಲವಾದದ್ದು. ಒಂದು ಪುಸ್ತಕದಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೆ ಯಾರಿಗೂ ಗೊತ್ತಾಗದು.

ಸೇವೆಯ ವಿಷಯದಲ್ಲಿ ಪ್ರಕಾಶನಕ್ಕೆ ಕಡಿಮೆ ಅಂಕ ಕೊಡಬೇಕಾಗಿದೆ. ಹತ್ತೊಂಬತ್ತು ತಿಂಗಳ ವಿಳಂಬ ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಕೈಯಿಂದ ಮಾಡುವ ಬೈಂಡಿಂಗ್ ನಿಧಾನ, ಸಹಿಯ ಹಾಳೆಗಳು ದಾರಿಯಲ್ಲಿ ಕಳೆದುಹೋಗುವುದೂ ಉಂಟು. ಆದರೆ ಹತ್ತು ತಿಂಗಳ ಕಾಲ ಒಂದು ಸಾಲಿನ ಮಾಹಿತಿಯೂ ಬರಲಿಲ್ಲ. ಸುಕ್ಕಿನ ಚಿತ್ರ ಕಳಿಸಿದಾಗ ‘ಕೈಕೆಲಸದಲ್ಲಿ ಇದು ಸಹಜ’ ಎಂಬ ಉತ್ತರ ಬಂತು. ಬದಲಿ ಪ್ರತಿ ಕೊಡುತ್ತೇವೆಂದರು, ಆದರೆ ಅದರ ಸಂಖ್ಯೆ ಬೇರೆಯಾಗಿರುತ್ತದೆ, ಮತ್ತು ಅದರೊಡನೆ ಇದೇ ಸಂಖ್ಯೆಯ ಮುಂದಿನ ಪುಸ್ತಕಗಳನ್ನು ಕೊಳ್ಳುವ ಹಕ್ಕು ಹೋಗುತ್ತದೆ ಎಂಬ ಷರತ್ತೂ ಜೊತೆಗಿತ್ತು. ಸಂಗ್ರಾಹಕರ ದೌರ್ಬಲ್ಯ ಅವರಿಗೆ ಚೆನ್ನಾಗಿ ತಿಳಿದಿದೆ. ಸುಕ್ಕನ್ನೇ ಇಟ್ಟುಕೊಂಡೆ.

ಇಂತಹ ಪುಸ್ತಕವನ್ನು ಓದಬಾರದು, ಓದಲು ಪೇಪರ್‌ಬ್ಯಾಕ್ ಬೇರೆ ತರಿಸಿಕೊಳ್ಳಬೇಕು ಎನ್ನುವವರ ಮಾತನ್ನು ಕೇಳದೆ ಮೂರು ರಾತ್ರಿಗಳಲ್ಲಿ ಓದಿ ಮುಗಿಸಿದೆ. ನಾಲ್ಕನೆಯ ಕಥೆಗಾಗಿ ಇಡೀ ಪುಸ್ತಕ ಕೊಂಡರೂ ನಷ್ಟವಿಲ್ಲ. ನೇರವಾಗಿ ಪ್ರಕಾಶಕರಿಂದ, ಕಾಯುವ ತಾಳ್ಮೆಯಿದ್ದರೆ ಮಾತ್ರ, ಕೊಳ್ಳಿರಿ ಎನ್ನುತ್ತೇನೆ. ಎರಡನೆಯ ಕೈಯಿಂದ ಕೊಳ್ಳುವುದಾದರೆ ಸಹಿಯ ಹಾಳೆಯ ಎರಡೂ ಬದಿಯ ಚಿತ್ರ ಕೇಳಿರಿ. ಅದೇ ಲೇಖಕರ ಮುಂದಿನ ಸಂಕಲನದ 341ನೆಯ ಪ್ರತಿಯನ್ನು ಹದಿನಾಲ್ಕು ದಿನಗಳೊಳಗೆ ಕಾಯ್ದಿರಿಸಬೇಕೆಂದು ಮೊನ್ನೆ ಪತ್ರ ಬಂದಿದೆ. ಇಂದಿಗೆ ಹನ್ನೊಂದು ದಿನ ಉಳಿದಿವೆ.