ನೆರೆ ನೀರಲ್ಲಿ ನಿಂತ ಬ್ಯಾಟರಿಗೆ ಆಟೊಮ್ಯಾಟಿಕ್ ಚಾರ್ಜರ್: ಹಸಿರು ದೀಪ ನಂಬಬೇಡಿ

12 ವೋಲ್ಟ್, 4 ಆಂಪಿಯರಿನ ಆಟೊಮ್ಯಾಟಿಕ್ ಚಾರ್ಜರ್ ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಲ್ಲೇ ನಿಲ್ಲುವ ಕಾರಿಗೆ ಒಳ್ಳೆಯ ಸಾಧನ, ಅದರಲ್ಲಿ ತಕರಾರಿಲ್ಲ. ಆದರೆ 2018, 2019ರ ಆಗಸ್ಟ್‌ನಲ್ಲಿ ಆದ ಹಾಗೆ ಕಾವೇರಿ ಕೊಡಗಿನ ಕುಶಾಲನಗರದ ಬಡಾವಣೆಗೋ ಹೊಳೆದಂಡೆಯ ಕರಡಿಗೋಡಿಗೋ ನುಗ್ಗಿ ಬಾನೆಟ್‌ವರೆಗೆ ನೀರು ನಿಂತರೆ, ಇದೇ ಚಾರ್ಜರ್ ದಾರಿ ತಪ್ಪಿಸುತ್ತದೆ.

ಚಾರ್ಜರ್ ನೋಡುವುದು ಒಟ್ಟು ವೋಲ್ಟೇಜ್ ಮತ್ತು ಕರೆಂಟ್ ಮಾತ್ರ. 14.4 ವೋಲ್ಟ್ ಮುಟ್ಟಿ, ಬ್ಯಾಟರಿ ಎಳೆಯುವ ಕರೆಂಟ್ ಇಳಿದರೆ ಸಾಕು, ಹಸಿರು ದೀಪ ಹತ್ತುತ್ತದೆ. ಬ್ಯಾಟರಿಯೊಳಗಿನ ಆರು ಕೋಣೆಗಳಲ್ಲಿ, ಅಂದರೆ ಸೆಲ್ಲುಗಳಲ್ಲಿ, ಇರುವುದು ಸರಿಯಾದ ಆ್ಯಸಿಡ್ಡೋ ಹೊಳೆ ನೀರು ಬೆರೆತದ್ದೋ ಅದಕ್ಕೆ ತಿಳಿಯದು. ಮುಚ್ಚಳದ ಗಾಳಿ ತೂತಿನಿಂದ ಒಂದು ಸೆಲ್ಲಿಗೆ ನೀರು ಹೋಗಿ ಗ್ರ್ಯಾವಿಟಿ (ನೀರಿಗೆ ಹೋಲಿಸಿದರೆ ಆ್ಯಸಿಡ್ ಎಷ್ಟು ಸಾಂದ್ರ ಎಂಬ ಅಳತೆ) 1.250ರಿಂದ 1.180ಕ್ಕೆ ಇಳಿದರೂ, 12.54 ವೋಲ್ಟ್ ಇದ್ದದ್ದು 12.47 ಆಗುತ್ತದೆ, ಅಷ್ಟೇ. ಮಲ್ಟಿಮೀಟರ್ ಹಿಡಿದವರೂ 'ಪರವಾಗಿಲ್ಲ' ಅಂದುಬಿಡುತ್ತಾರೆ. ಆಮೇಲೆ ನೀರಿನ ಜೊತೆ ಬಂದ ಕಬ್ಬಿಣದಂಥ ಕಲ್ಮಶ ಒಳಗೊಳಗೇ ಚಾರ್ಜ್ ತಿನ್ನುತ್ತಾ ಇರುತ್ತದೆ.

ಹಾಗಾಗಿ ಮುಚ್ಚಳ ಬಿಚ್ಚುವಂಥ ಬ್ಯಾಟರಿ ಆದರೆ ಮೊದಲು ಬೇಕಾದದ್ದು ಆ್ಯಸಿಡ್ಡನ್ನು ಗಾಜಿನ ಟ್ಯೂಬಿಗೆ ಎಳೆದು ಗ್ರ್ಯಾವಿಟಿ ಅಳೆಯುವ, ಕೆಲವು ನೂರು ರೂಪಾಯಿಯ ಹೈಡ್ರೋಮೀಟರ್. ಪೂರ್ತಿ ಚಾರ್ಜ್ ಆದಮೇಲೆ ಆರೂ ಸೆಲ್ ಅಳೆಯಿರಿ. ಅಳತೆಯ ಲೆಕ್ಕ 27 ಡಿಗ್ರಿಗೆ. ಮಡಿಕೇರಿಯ ಜುಲೈ ಚಳಿಯಲ್ಲಿ ಆ್ಯಸಿಡ್ 20 ಡಿಗ್ರಿ ಇದ್ದರೆ ಬಂದ ಅಂಕಿಯಲ್ಲಿ 0.005 ಕಳೆಯಿರಿ. ಸೆಲ್ಲಿಂದ ಸೆಲ್ಲಿಗೆ 0.050ರಷ್ಟು ವ್ಯತ್ಯಾಸ ಬಂದರೆ ಆ ಬ್ಯಾಟರಿಯ ಆಸೆ ಬಿಡಿ. ಟ್ಯೂಬಿಗೆ ಕೆಸರು ಬಣ್ಣದ ನೀರು ಬಂದರೂ ಅಷ್ಟೇ: ಅದು ಹೊಳೆಯ ಕೆಸರಿರಲಿ, ಪ್ಲೇಟಿಂದ ಉದುರಿದ ಪುಡಿಯಿರಲಿ, ತೀರ್ಪು ಒಂದೇ. ಹೊಸ ಆ್ಯಸಿಡ್ ತುಂಬಿಸಿ ಬದುಕಿಸುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಚಾರ್ಜಿಗೆ ಹಾಕುವ ಮುಂಚಿನ ಕೆಲಸವೂ ಇದೆ. ನೀರಿಳಿದ ಕಾರಿಗೆ ಸೆಲ್ಫ್ ಹೊಡೆಯಲೇ ಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇನ್ಶೂರೆನ್ಸಿನವರೂ ತಕರಾರು ತೆಗೆಯುತ್ತಾರೆ. 10 ನಂಬರ್ ಸ್ಪ್ಯಾನರಲ್ಲಿ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ ಬ್ಯಾಟರಿ ಹೊರಗೆ ತೆಗೆಯಿರಿ. ಮುಚ್ಚಳಗಳು ಭದ್ರವಾಗಿರಲಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡ ಕಲಸಿ ಮೇಲ್ಭಾಗ ಉಜ್ಜಿ, ಒಳ್ಳೆಯ ನೀರಲ್ಲಿ ತೊಳೆದು ಒಣಗಿಸಿ. ಸೋಡ ಒಂದು ತೊಟ್ಟು ಒಳಗೆ ಹೋದರೂ ಆ್ಯಸಿಡ್ ಕೆಡುತ್ತದೆ. ಎರಡು ಟರ್ಮಿನಲ್ ನಡುವೆ ಒದ್ದೆ ಕೆಸರು ಉಳಿದರೆ ಅದರ ಮೂಲಕವೇ ಚಾರ್ಜ್ ಸೋರುತ್ತದೆ. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗೆ ಮಾತ್ರ ಕೈ ಹಾಕಬೇಡಿ. ಅದು ಕಂಪನಿ ಮೆಕ್ಯಾನಿಕ್ ಕೆಲಸ.

ಇನ್ನು ಚಾರ್ಜರಿನ ಗುಣ. 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಸುವ ಚಾರ್ಜಿನ ಅಳತೆ) ಬ್ಯಾಟರಿಗೆ 4 ಆಂಪಿಯರ್ ಸರಿಯಾದ ವೇಗ; ಪೂರ್ತಿ ಇಳಿದದ್ದು ತುಂಬಲು 10–12 ಗಂಟೆ ಬೇಕು. ತಂತಿ ಉಲ್ಟಾ ಕೊಟ್ಟರೆ ಚಾಲೂ ಆಗುವುದಿಲ್ಲ, ಕಿಡಿಯೂ ಇಲ್ಲ. ದೋಷ ಎರಡು. ತೀರಾ ಇಳಿದುಹೋದ ಬ್ಯಾಟರಿಯನ್ನು ಇದು ಗುರುತಿಸುವುದೇ ಇಲ್ಲ. ಇನ್ನೊಂದು, ಕೊಡಗಿನವರಿಗೆ ದೊಡ್ಡದು: ಅಗ್ಗದ ಎಷ್ಟೋ ಮಾಡೆಲ್‌ಗಳು ಕರೆಂಟ್ ಹೋಗಿ ಬಂದಮೇಲೆ ತಾವಾಗಿ ಮುಂದುವರಿಯದೆ, ಮತ್ತೆ ಬಟನ್ ಒತ್ತುವವರೆಗೆ ಸುಮ್ಮನೆ ಕೂರುತ್ತವೆ. ಮರ ಬಿದ್ದು ದಿನಕ್ಕೆ ಹತ್ತು ಸಲ ಲೈನ್ ಹೋಗುವ ಊರಲ್ಲಿ ಅದು ಉಪಯೋಗಕ್ಕಿಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಬ್ಯಾಟರಿಗೆ ಹಾಕಿ, ಸ್ವಿಚ್ ಆಫ್ ಮಾಡಿ ಆನ್ ಮಾಡಿಸಿ ನೋಡಿ.

ಸೀಲ್ಡ್ ಬ್ಯಾಟರಿಗೆ ಹೈಡ್ರೋಮೀಟರ್ ನಡೆಯದು, ಮೇಲಿನ ಹಸಿರು ಕಣ್ಣು ಒಂದು ಸೆಲ್ಲಿನ ಕಥೆ ಮಾತ್ರ ಹೇಳುತ್ತದೆ. ಚಾರ್ಜ್ ಮಾಡಿ ಒಂದು ದಿನ ಬಿಡಿ; 12.4 ವೋಲ್ಟಿಗಿಂತ ಕೆಳಗಿಳಿದರೆ ಬದಲಿಸಿ. ಇಳಿಯದೆ ನಿಂತರೆ, ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ (ಜಾಸ್ತಿ ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿಸಿ: 15 ಸೆಕೆಂಡ್ ಲೋಡಿನಲ್ಲಿ 9.6 ವೋಲ್ಟಿಗಿಂತ ಮೇಲಿದ್ದರೆ ಮಾತ್ರ ಕಾರಿಗೆ ಕೂರಿಸಿ, ನೆಗೆಟಿವ್ ಕೊನೆಗೆ ಬಿಗಿದು, ಟರ್ಮಿನಲ್ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.