ಕಾಫಿ ಕಣಕ್ಕೊಂದು ಸ್ವಂತ ಬ್ಲಾಕ್: ಸೈಲ್ಯಾಬ್‌ನ ಎಕ್ಸ್‌ಕಾಸ್ ಬಳಸಿ ನೋಡಿದ ಅನುಭವ

ಆಲ್ದೂರಿನ ಸಮೀಪದ ನಮ್ಮ ಕಣದಲ್ಲಿ ಹರವಿದ ಕಾಫಿ ಎಷ್ಟು ದಿನಕ್ಕೆ ಒಣಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದು ತೊಳೆದ ಪಾರ್ಚ್‌ಮೆಂಟಿನಲ್ಲಿ, ಎಂದರೆ ತೆಳು ಹೊಟ್ಟಿನೊಳಗಿರುವ ಕಾಫಿ ಬೀಜದಲ್ಲಿ, ಸುಮಾರು ಶೇ. 55ರಷ್ಟು ನೀರಿರುತ್ತದೆ, ಅದು ಶೇ. 10ಕ್ಕೆ ಇಳಿಯುವ ತನಕ ಹಗಲು ಹರವಿ ಕೈಯಾಡಿಸಬೇಕು, ಸಂಜೆಗೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಡಿಸೆಂಬರಿನಲ್ಲಿ ಮೋಡ ಕವಿದರೆ ಕಣ ಖಾಲಿಯಾಗುವುದಿಲ್ಲ, ಕಣ ಖಾಲಿಯಾಗದಿದ್ದರೆ ಕೊಯ್ಲಿಗೂ ತಡೆ. ಈ ಲೆಕ್ಕಕ್ಕೆ ನಾನು ಆರಿಸಿಕೊಂಡದ್ದು ಸೈಲ್ಯಾಬ್ ಎಂಬ ಗಣಿತದ ತಂತ್ರಾಂಶದೊಳಗಿನ ಎಕ್ಸ್‌ಕಾಸ್, ಎಂದರೆ ಬ್ಲಾಕುಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಓಡಿಸುವ ಸಾಧನ.

ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಬೆಳೆದ ಸೈಲ್ಯಾಬ್ ಉಚಿತ ಮತ್ತು ಮುಕ್ತ ತಂತ್ರಾಂಶ. ನಮ್ಮಲ್ಲಿ ಐಐಟಿ ಬಾಂಬೆಯ ಫಾಸೀ ಎಂಬ ಮುಕ್ತ ತಂತ್ರಾಂಶ ಪ್ರಸಾರದ ಯೋಜನೆ ಅದನ್ನು ಕಾಲೇಜುಗಳಿಗೆ ತಲುಪಿಸುತ್ತ ಬಂದಿದೆ. ಎಕ್ಸ್‌ಕಾಸ್ ತೆರೆದರೆ ಇಂಟಿಗ್ರೇಟರ್, ಗೇನ್ (ಬಂದ ಅಂಕಿಯನ್ನು ಗುಣಿಸಿ ಕೊಡುವುದು), ಗಡಿಯಾರ, ಸ್ಕೋಪ್ ಮುಂತಾದ ಸಿದ್ಧ ಬ್ಲಾಕುಗಳು ಸಾಲಾಗಿ ಸಿಗುತ್ತವೆ, ಅವನ್ನು ಗೆರೆಗಳಿಂದ ಜೋಡಿಸಿದರೆ ಮಾದರಿ ಸಿದ್ಧವಾಗುತ್ತದೆ. ಸಾಮಾನ್ಯ ಕೆಲಸಕ್ಕೆ ಇಷ್ಟು ಸಾಕು. ಆದರೆ ಕಾಫಿ ಕಣ ಎಂಬ ಬ್ಲಾಕನ್ನು ಯಾರೂ ಮಾಡಿಟ್ಟಿಲ್ಲ, ನಾವೇ ಬರೆಯಬೇಕು. ಈ ತಂತ್ರಾಂಶದ ನಿಜವಾದ ಬೆಲೆ ನನಗೆ ತಿಳಿದದ್ದು ಅಲ್ಲಿಯೇ.

ಬರೆಯಲು ಮೂರು ದಾರಿಗಳಿವೆ. ಒಂದೇ ಸೂತ್ರವಿದ್ದರೆ ಎಕ್ಸ್‌ಪ್ರೆಶನ್ ಬ್ಲಾಕಿನಲ್ಲಿ ಅದನ್ನು ಟೈಪಿಸಿದರೆ ಮುಗಿಯಿತು. ನಾಲ್ಕಾರು ಸಾಲು ಬೇಕಾದರೆ ಸೈಲ್ಯಾಬ್ ಕೋಡನ್ನೇ ಒಳಗೆ ಹಾಕಿಸಿಕೊಳ್ಳುವ ಸಿದ್ಧ ಬ್ಲಾಕ್ ಇದೆ. ಬೇರೆಯವರಿಗೂ ಕೊಡಬಹುದಾದ ಬ್ಲಾಕ್ ಬೇಕೆಂದರೆ ಎರಡು ಫಂಕ್ಷನ್‌ಗಳನ್ನು ಬರೆಯಬೇಕಾಗುತ್ತದೆ. ಮೊದಲನೆಯದು ಬ್ಲಾಕಿನ ಹೊರರೂಪವನ್ನು, ಎಂದರೆ ಎಷ್ಟು ಇನ್‌ಪುಟ್, ಎಷ್ಟು ಔಟ್‌ಪುಟ್, ಎರಡು ಬಾರಿ ಕ್ಲಿಕ್ಕಿಸಿದಾಗ ಏನನ್ನು ಕೇಳಬೇಕು ಎಂಬುದನ್ನು ಹೇಳುತ್ತದೆ. ಎರಡನೆಯದು ಲೆಕ್ಕ ಮಾಡುತ್ತದೆ. ಎಕ್ಸ್‌ಕಾಸ್ ಈ ಎರಡನೆಯ ಫಂಕ್ಷನ್ ಅನ್ನು ಪ್ರತಿ ಸಲವೂ ಫ್ಲ್ಯಾಗ್ ಎಂಬ ಒಂದು ಅಂಕಿಯೊಡನೆ ಕರೆಯುತ್ತದೆ: 4 ಬಂದರೆ ಆರಂಭ, 0 ಬಂದರೆ ಬದಲಾವಣೆಯ ದರ, 1 ಬಂದರೆ ಔಟ್‌ಪುಟ್, 5 ಬಂದರೆ ಮುಕ್ತಾಯ.

ನನ್ನ ಬ್ಲಾಕಿನಲ್ಲಿ ಫ್ಲ್ಯಾಗ್ 0ರ ಕೆಳಗೆ ಇರುವುದು ಒಂದೇ ಸಾಲು. ಬೀಜದಲ್ಲಿ ಈಗಿರುವ ತೇವಾಂಶಕ್ಕೂ ಆ ಹವೆಯಲ್ಲಿ ಅದು ತಲುಪಬಹುದಾದ ಸಮತೋಲನ ತೇವಾಂಶಕ್ಕೂ ಎಷ್ಟು ಅಂತರವಿದೆಯೋ ಅದಕ್ಕೆ ತಕ್ಕಂತೆ ಒಣಗುವ ವೇಗ ಇರುತ್ತದೆ. ಟಾರ್ಪಾಲು ಹೊದಿಸಿದ ಹೊತ್ತಿನಲ್ಲಿ ವೇಗ ಸೊನ್ನೆ. ಈ ಲೆಕ್ಕವನ್ನು ಒಣತೂಕದ ಮೇಲೆ, ಎಂದರೆ ನೀರಿನ ತೂಕವನ್ನು ನೀರಿಲ್ಲದ ಬೀಜದ ತೂಕದಿಂದ ಭಾಗಿಸಿ, ಮಾಡಬೇಕಾದ್ದರಿಂದ ಶೇ. 55 ಎಂಬುದು 1.22 ಆಗಿಯೂ ಶೇ. 10 ಎಂಬುದು 0.11 ಆಗಿಯೂ ಒಳಗೆ ಹೋಗುತ್ತದೆ. ಇದನ್ನು ಮರೆತರೆ ಗ್ರಾಫ್ ನೋಡಲು ಚೆನ್ನಾಗಿಯೇ ಬರುತ್ತದೆ, ದಿನಗಳ ಲೆಕ್ಕ ಮಾತ್ರ ತಪ್ಪುತ್ತದೆ.

ನನ್ನನ್ನು ಎರಡು ಸಂಜೆ ಕಾಡಿದ್ದು ಬೇರೊಂದು ತಪ್ಪು. ಕಣದ ಬ್ಲಾಕಿನಿಂದ ಹೊರಟ ತೇವಾಂಶ ಮತ್ತೊಂದು ಬ್ಲಾಕಿಗೆ ಹೋಗಿ ಬೀಜವನ್ನು ಎಷ್ಟು ದಪ್ಪಕ್ಕೆ ಹರವಬೇಕೆಂದು ತೀರ್ಮಾನಿಸುತ್ತದೆ, ಆ ದಪ್ಪ ಮರಳಿ ಕಣದ ಬ್ಲಾಕಿಗೇ ಬರುತ್ತದೆ. ಓಡಿಸಿದರೆ ಆಲ್ಜಿಬ್ರಾಯಿಕ್ ಲೂಪ್ ಇದೆ, ಎಂದರೆ ಒಂದೇ ಕ್ಷಣದಲ್ಲಿ ಎರಡು ಬ್ಲಾಕುಗಳು ಪರಸ್ಪರರ ಉತ್ತರಕ್ಕೆ ಕಾಯುತ್ತಿವೆ, ಎಂಬ ಸಂದೇಶ ಬಂದು ಎಲ್ಲವೂ ನಿಲ್ಲುತ್ತಿತ್ತು. ಗೇನ್ ಬ್ಲಾಕಿನ ಕೋಡನ್ನು ನಕಲು ಮಾಡಿಕೊಂಡು ಆರಂಭಿಸಿದ್ದರಿಂದ, ‘ಇನ್‌ಪುಟ್ ಬದಲಾದ ಕ್ಷಣವೇ ಔಟ್‌ಪುಟ್ ಬದಲಾಗುತ್ತದೆ’ ಎಂಬ ಘೋಷಣೆಯೂ ಅದರೊಡನೆ ಬಂದುಬಿಟ್ಟಿತ್ತು. ಕಣದಲ್ಲಿ ಹಾಗಾಗುವುದಿಲ್ಲ, ದಪ್ಪ ಬದಲಾದರೆ ಒಣಗುವ ವೇಗ ಬದಲಾಗುತ್ತದೆಯೇ ಹೊರತು ತೇವಾಂಶ ಅದೇ ಗಳಿಗೆಯಲ್ಲಿ ಜಿಗಿಯುವುದಿಲ್ಲ. ಆ ಘೋಷಣೆ ಇರುವ ಡೆಪ್_ಯುಟಿ ಎಂಬ ಸಾಲಿನ ಮೊದಲ ಬೆಲೆಯನ್ನು ‘ಸುಳ್ಳು’ ಎಂದು ಬದಲಿಸಿದೊಡನೆ ಮಾದರಿ ಓಡಿತು. ಕಣದ ಸ್ವಭಾವವನ್ನು ಇಷ್ಟು ಖಚಿತವಾಗಿ ಹೇಳುವಂತೆ ನನ್ನನ್ನು ಒತ್ತಾಯಿಸಿದ್ದಕ್ಕಾಗಿ ಈ ತಂತ್ರಾಂಶದ ಮೇಲೆ ನನಗೆ ಗೌರವ ಹೆಚ್ಚಿತು.

ಹೊಸಬರು ಇನ್ನೆರಡು ವಿಷಯಗಳನ್ನು ನೆನಪಿಡಬೇಕು. ಚಿತ್ರದಲ್ಲಿ ಒಮ್ಮೆ ಇಟ್ಟ ಬ್ಲಾಕ್ ತನ್ನ ಹಳೆಯ ರೂಪವನ್ನು ಫೈಲಿನೊಳಗೆ ಉಳಿಸಿಕೊಂಡಿರುತ್ತದೆ. ಹೊರರೂಪದ ಫಂಕ್ಷನ್ ತಿದ್ದಿದ ಮೇಲೆ ಹಳೆಯ ಬ್ಲಾಕನ್ನು ತೆಗೆದು ಹೊಸದನ್ನು ಇಡುವುದೇ ಕ್ಷೇಮ. ಸೈಲ್ಯಾಬ್ ತೆರೆದಾಗಲೆಲ್ಲ ನಮ್ಮ ಫಂಕ್ಷನ್‌ಗಳನ್ನು ಮತ್ತೆ ಲೋಡ್ ಮಾಡಬೇಕು, ಆರಂಭದ ಫೈಲಿನಲ್ಲಿ ಆ ಸಾಲುಗಳನ್ನು ಸೇರಿಸಿಟ್ಟರೆ ಈ ತೊಂದರೆ ಇರುವುದಿಲ್ಲ.

ವೇಗ ಬೇಕಿದ್ದವರು ಲೆಕ್ಕದ ಫಂಕ್ಷನ್ ಅನ್ನು ಸಿ ಭಾಷೆಯಲ್ಲಿ ಬರೆಯಬಹುದು, ಅದಕ್ಕೆ ಕಂಪೈಲರ್ ಬೇಕು. ಒಂದು ಕಣದ ಮಟ್ಟಿಗೆ ಸೈಲ್ಯಾಬ್ ಕೋಡೇ ಸಾಕಾಯಿತು.

ಪ್ರೋಗ್ರಾಮಿಂಗ್ ಸ್ವಲ್ಪವೂ ಗೊತ್ತಿಲ್ಲದವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾತ್ರ ಪ್ರಾಜೆಕ್ಟಿಗೆ ಇದನ್ನು ಧಾರಾಳವಾಗಿ ಆರಿಸಿಕೊಳ್ಳಬಹುದು. ನನ್ನ ಬ್ಲಾಕನ್ನು ಈಗ ಪಕ್ಕದ ತೋಟದವರಿಗೂ ಕೊಟ್ಟಿದ್ದೇನೆ. ಆರಂಭದ ತೇವಾಂಶ, ಸಮತೋಲನ ತೇವಾಂಶ ಮತ್ತು ತಮ್ಮ ಕಣದ ಮಾಯಿಶ್ಚರ್ ಮೀಟರಿನ ಅಂಕಿಗಳಿಂದ ಕಂಡುಕೊಂಡ ಒಣಗುವ ದರ, ಈ ಮೂರನ್ನು ತುಂಬಿದರೆ ಅವರ ಕಣದ ಲೆಕ್ಕ ಅವರಿಗೆ ಸಿಗುತ್ತದೆ.