ಟ್ಯೂಬುಲರ್ರೋ, ಲಿಥಿಯಮ್ಮೋ? ಟಿಟಿಯಲ್ಲಿ ಎರಡೂ ಬ್ಯಾಟರಿ ಹಾಕಿ ನೋಡಿದೆ

ಮನೆಯಲ್ಲಿ ಒಂದು ಯೂನಿಟ್ ಕರೆಂಟನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ನಮ್ಮ ಟಿಟಿಯಲ್ಲಿ ಅಷ್ಟರಲ್ಲೇ ಇಡೀ ದಿನದ ಸಂಸಾರ ನಡೆಯಬೇಕು. ಹಳೆಯ ಟೆಂಪೋ ಟ್ರಾವೆಲರ್ (ಅದೇ ಟಿಟಿ) ಕೊಂಡು, ಸೀಟು ಬಿಚ್ಚಿ, ಮಂಚ, ಅಡುಗೆ ಕಟ್ಟೆ ಕೂರಿಸಿದ್ದೇವೆ. 12 ವೋಲ್ಟಿನ ಪುಟ್ಟ ಫ್ರಿಜ್ ದಿನಕ್ಕೆ ಸುಮಾರು 430 ವಾಟ್-ಅವರ್ ತಿನ್ನುತ್ತದೆ. ಎರಡು ಡಿಸಿ ಫ್ಯಾನ್ ರಾತ್ರಿಯೆಲ್ಲ ತಿರುಗಿದರೆ 290. ಲ್ಯಾಪ್‌ಟಾಪ್, ಫೋನು 200, ಲೈಟು 80, ಚಟ್ನಿಗೆ ಐದು ನಿಮಿಷ ಮಿಕ್ಸಿ 40. ಕೂಡಿದರೆ 1,040, ಅಂದರೆ ಒಂದು ಯೂನಿಟ್ ಚಿಲ್ಲರೆ.

ಛಾವಣಿ ಮೇಲೆ 165 ವಾಟಿನ ಎರಡು ಪ್ಯಾನೆಲ್ ಇವೆ. ಚಪ್ಪಟೆಯಾಗಿಯೇ ಮಲಗಿಸಿದ್ದೇನೆ. ನಮ್ಮ ಕಡೆ ಸೂರ್ಯ ನೆತ್ತಿಗೆ ಹತ್ತಿರವೇ ಇರುವುದರಿಂದ ಓರೆ ಮಾಡದಿದ್ದರೂ ದೊಡ್ಡ ನಷ್ಟವಿಲ್ಲ. ಕೆಳಗೆ ಎರಡು ಇಂಚು ಗಾಳಿ ಆಡಲು ಜಾಗ ಬಿಟ್ಟಿದ್ದೇನೆ. ಕಾದ ಪ್ಯಾನೆಲ್ ಕಡಿಮೆ ಕೊಡುತ್ತದೆ, ಅದಕ್ಕೆ.

ನಾನು ತಲೆಕೆಡಿಸಿಕೊಂಡದ್ದು ಪ್ಯಾನೆಲ್ ಬಗ್ಗೆ. ಕೈಕೊಟ್ಟದ್ದು ಬ್ಯಾಟರಿ.

ಮೊದಲ ವರ್ಷ ಮನೆಯ ಇನ್ವರ್ಟರ್‌ಗೆ ಹಾಕುವಂಥ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ಸೀಸ, ಆಸಿಡ್ಡಿನ ಬ್ಯಾಟರಿ ಹಾಕಿದ್ದೆ. ಬೆಲೆ 15,000 ರೂಪಾಯಿ. ಕಾಗದದ ಮೇಲೆ 1,800 ವಾಟ್-ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಡಿಮೆ, ಹಾಗಾಗಿ ಕೈಗೆ ಸಿಗುವುದು 900. ಉಳಿದದ್ದು ಹಗಲಿನ ಬಿಸಿಲಲ್ಲೇ ತೂಗುತ್ತದೆ ಅಂದುಕೊಂಡೆ. ಚಿತ್ರದುರ್ಗದಲ್ಲಿ ತೂಗಿತು ಕೂಡ.

ಅಕ್ಟೋಬರ್‌ನಲ್ಲಿ ಸಕಲೇಶಪುರದ ಕಡೆ ಹೋದಾಗ ಬಣ್ಣ ಬಯಲಾಯಿತು. ಅಲ್ಲಿ ಹತ್ತೂವರೆಗೆ ಮಂಜು ಸರಿದು ಬಿಸಿಲು ಬಿದ್ದರೆ, ಎರಡು ಗಂಟೆಗೆಲ್ಲ ಮೋಡ. ಟ್ಯೂಬುಲರ್ ಶೇ. 80ರ ತನಕ ಚೆನ್ನಾಗಿಯೇ ಚಾರ್ಜ್ ಆಗುತ್ತದೆ. ಆಮೇಲೆ ಹೊಟ್ಟೆ ತುಂಬಿದ ಮಗು ಊಟ ಮಾಡಿದ ಹಾಗೆ, ಒಂದೊಂದೇ ತುತ್ತು. ಕೊನೆಯ 20ಕ್ಕೆ ಮೂರು ನಾಲ್ಕು ಗಂಟೆ ಬೇಕು. ಪ್ಯಾನೆಲ್ ಕೊಡಲು ತಯಾರಿದ್ದರೂ ಬ್ಯಾಟರಿ ತೆಗೆದುಕೊಳ್ಳುವುದಿಲ್ಲ. ದಿನಾ ಅರೆಹೊಟ್ಟೆಯಲ್ಲೇ ಉಳಿದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಸಾಮರ್ಥ್ಯವೇ ಕುಗ್ಗುತ್ತದೆ. ಐದನೇ ರಾತ್ರಿ ಎರಡು ಗಂಟೆಗೆ ಇನ್ವರ್ಟರ್ ಕೂಗಲು ಶುರು. "ರೀ, ಆ ಪೀಂ ಪೀಂ ನಿಲ್ಸ್ತೀರಾ, ಇಲ್ಲ ನಾನೇ ವೈರ್ ಕಿತ್ತು ಹಾಕ್ಲಾ?" ಅಂದಳು ನನ್ನಾಕೆ.

ತೂಕ 55 ಕೆಜಿ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮುಚ್ಚಳದ ಸಂದಿಯಿಂದ ಆಸಿಡ್ ತುಳುಕಿ, ಮ್ಯಾಟ್‌ನಲ್ಲಿ ರೂಪಾಯಿ ಅಗಲದ ತೂತು ಬಿತ್ತು. ಚಾರ್ಜ್ ಆಗುವಾಗ ಇದರಿಂದ ಹೈಡ್ರೋಜನ್ ಬರುತ್ತದೆ, ಹೊರಗೆ ಹೋಗಲು ದಾರಿ ಇರಲೇಬೇಕು. ಮಲಗುವ ಮಂಚದ ಕೆಳಗೆ ಇಟ್ಟದ್ದು ನನ್ನದೇ ದಡ್ಡತನ.

ಮರುವರ್ಷ ಲಿಥಿಯಂ, ಅದರಲ್ಲೂ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದು. 100 ಎಎಚ್, 12 ಕೆಜಿ, 34,000 ರೂಪಾಯಿ. ಒಂದು ಕೈಯಲ್ಲಿ ಎತ್ತಿ ಒಳಗಿಟ್ಟೆ. 1,280 ವಾಟ್-ಅವರ್‌ನಲ್ಲಿ 1,150ರಷ್ಟು ನಿಜವಾಗಿಯೂ ಬಳಸಬಹುದು. ಅದಕ್ಕಿಂತ ಹೆಚ್ಚಾಗಿ, ಹೆಚ್ಚುಕಮ್ಮಿ ತುಂಬುವವರೆಗೂ ಪ್ಯಾನೆಲ್ ಕೊಟ್ಟಷ್ಟನ್ನೂ ಗಟಗಟ ಕುಡಿಯುತ್ತದೆ. ಅದೇ ಸಕಲೇಶಪುರ, ಅದೇ ಅಕ್ಟೋಬರ್, ಅದೇ ಮೂರೂವರೆ ಗಂಟೆ ಬಿಸಿಲು. ಪೂರ್ತಿ ತುಂಬದಿದ್ದರೂ ಅರೆಹೊಟ್ಟೆಯಲ್ಲಿದ್ದರೆ ಇದಕ್ಕೆ ಬೇಜಾರಿಲ್ಲ. ಪೀಂ ಪೀಂ ಇಲ್ಲದೆ ಆರು ರಾತ್ರಿ ಕಳೆದೆವು.

ಹಾಗಂತ ಇದೇನೂ ದೇವರಲ್ಲ. ಹಂಪಿಯಲ್ಲಿ ಒಂದು ರಾತ್ರಿ ಫ್ರಿಜ್ಜು ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿತು. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ) ಬಾಗಿಲು ಹಾಕಿಕೊಂಡಿತು. ಬೆಳಿಗ್ಗೆ ಸುಡುಬಿಸಿಲು, ಆದರೂ ಚಾರ್ಜ್ ಇಲ್ಲ. ಯಾಕೆಂದರೆ ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ನನ್ನ ಕಂಟ್ರೋಲರ್, ಬ್ಯಾಟರಿಯ ವೋಲ್ಟೇಜ್ ಕಾಣದಿದ್ದರೆ ಎದ್ದೇಳುವುದೇ ಇಲ್ಲ. ಇನ್ವರ್ಟರ್ ಅಂಗಡಿಯವರು ನೋಡಿ, "ಇದು ನಮ್ಗೆ ಗೊತ್ತಿಲ್ಲ ಸಾರ್, ಟ್ಯೂಬುಲರ್ ಆದ್ರೆ ಹೇಳಿ" ಅಂದರು. ಕೊನೆಗೆ ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿಯಿಂದ ವೈರ್ ಎಳೆದು ಒಂದು ಕ್ಷಣ ಮುಟ್ಟಿಸಿದ ಮೇಲೆ ಎಚ್ಚರವಾಯಿತು. ಈಗ ಫ್ರಿಜ್ ಮೊದಲೇ ಆಫ್ ಆಗುವ ಹಾಗೆ ಕಟ್-ಆಫ್ ಇಟ್ಟಿದ್ದೇನೆ.

ಇಂಡಕ್ಷನ್ ಒಲೆಯನ್ನೂ ಒಮ್ಮೆ ಹಚ್ಚಿದೆ. 1,200 ವಾಟ್ ಅಂದರೆ 12 ವೋಲ್ಟಿನ ಕಡೆ 100 ಆಂಪಿಯರ್ ದಾಟುತ್ತದೆ. ಬಿಎಂಎಸ್ ಫಟ್ ಅಂತ ನಿಂತಿತು, ಅನ್ನ ಅರ್ಧ ಬೆಂದಿತ್ತು. ಸುಮ್ನೆ 5 ಕೆಜಿ ಗ್ಯಾಸ್ ಸಿಲಿಂಡರ್‌ಗೆ ವಾಪಸ್ ಬಂದೆವು.

ಕಂಟ್ರೋಲರ್ ವಿಷಯಕ್ಕೆ ಬಂದರೆ ಎರಡು ಬಗೆ. ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆಯುವ ಸಾದಾ ಪಿಡಬ್ಲ್ಯುಎಂ 1,200 ರೂಪಾಯಿ, ಹೆಚ್ಚುವರಿ ವೋಲ್ಟೇಜನ್ನೂ ಕರೆಂಟಾಗಿ ಬದಲಿಸಿಕೊಳ್ಳುವ ಎಂಪಿಪಿಟಿ 7,000. ಒಂದೇ ಮಧ್ಯಾಹ್ನ ಬದಲಾಯಿಸಿ ಬದಲಾಯಿಸಿ ನೋಡಿದೆ. ಪಿಡಬ್ಲ್ಯುಎಂ 200 ವಾಟ್ ಆಸುಪಾಸು ಕೊಟ್ಟರೆ ಎಂಪಿಪಿಟಿ 240. (ಬದಲಾಯಿಸುವಾಗ ಮೊದಲು ಪ್ಯಾನೆಲ್ ವೈರ್ ತೆಗೆಯಿರಿ, ಆಮೇಲೆ ಬ್ಯಾಟರಿಯದು.) ಮೇ ತಿಂಗಳ ಕಾದ ಛಾವಣಿಯಲ್ಲಿ ಪ್ಯಾನೆಲ್ಲಿನ ವೋಲ್ಟೇಜೇ ಇಳಿಯುವುದರಿಂದ ಈ ಅಂತರ ಕಿರಿದಾಗುತ್ತದೆ. 12 ವೋಲ್ಟಿನ ಒಂದೇ ಪ್ಯಾನೆಲ್ ಇದ್ದರೆ ಪಿಡಬ್ಲ್ಯುಎಂ ಸಾಕು. ಆದರೆ ಮನೆ ಮೇಲೆ ಹಾಕುವ 330 ವಾಟಿನ ದೊಡ್ಡ ಪ್ಯಾನೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಪಿಡಬ್ಲ್ಯುಎಂಗೆ ಸಿಕ್ಕಿಸಬೇಡಿ. ಅದರ ವೋಲ್ಟೇಜ್ 38ರ ಹತ್ತಿರ ಇರುತ್ತದೆ, ಮೂರರಲ್ಲಿ ಎರಡು ಪಾಲು ನೀರಿಗೆ ಹೋದ ಹಾಗೆ.

ಮಡಚುವ 100 ವಾಟಿನ ಪ್ಯಾನೆಲ್ಲೂ ಒಂದಿದೆ. ಗಾಡಿಯನ್ನು ಕಾಫಿ ತೋಟದ ಸಿಲ್ವರ್ ಓಕ್ ನೆರಳಲ್ಲಿ ನಿಲ್ಲಿಸಿ, ಇದನ್ನು 10 ಮೀಟರ್ ದೂರ ಬಿಸಿಲಿಗೆ ಹಾಕಿದರೆ 60 ವಾಟ್ ಬರುತ್ತಿತ್ತು. ಛಾವಣಿಯವು ಆಗ ಹೆಚ್ಚುಕಡಿಮೆ ಸತ್ತ ಹಾಗೆ, ಒಂದು ಕೊಂಬೆಯ ನೆರಳು ಬಿದ್ದರೂ ಸಾಕು. ಆದರೆ ಗಂಟೆಗೊಮ್ಮೆ ತಿರುಗಿಸಬೇಕು, ಮಳೆ ಬಂದರೆ ಓಡಬೇಕು. ಹಂಪಿಯಲ್ಲಂತೂ ಕೋತಿಗಳು ಅದರ ಮೇಲೆ ಪಂಚಾಯ್ತಿ ಸೇರಿದ್ದವು. ಹೆಚ್ಚು ತೋಟ, ಕಾಡಿನಲ್ಲೇ ನಿಲ್ಲುವವರಿಗೆ ಇರಲಿ. ಬಯಲುಸೀಮೆಯವರಿಗೆ ದಂಡ.

ಓಡಾಡುವ ಗಾಡಿಗೆ, ಅದರಲ್ಲೂ ಮಲೆನಾಡಿಗೆ ಹೋಗುವವರಿಗೆ, ನಾನು ಲಿಥಿಯಂ ಅನ್ನುತ್ತೇನೆ. ದುಡ್ಡು ಸಾಲದಿದ್ದರೆ ಮಡಚುವ ಪ್ಯಾನೆಲ್ ಬಿಡಿ, ಬ್ಯಾಟರಿ ಬಿಡಬೇಡಿ. ಗಾಡಿ ತೋಟದಲ್ಲಿ ಒಂದೇ ಕಡೆ ನಿಂತಿರುತ್ತದೆ, ದಿನವಿಡೀ ಬಿಸಿಲಿದೆ ಅಂದರೆ ಟ್ಯೂಬುಲರ್ ಈಗಲೂ ಒಳ್ಳೆಯದೇ. ತಾಲ್ಲೂಕು ಕೇಂದ್ರದಲ್ಲೆಲ್ಲ ರಿಪೇರಿ ಸಿಗುತ್ತದೆ. ನನ್ನದು ಈಗ ಹಿರಿಯೂರಿನ ಹತ್ತಿರ ಭಾವನ ತೋಟದ ಮನೆಯಲ್ಲಿದೆ. ಎರಡು ಲೈಟು, ಒಂದು ಫ್ಯಾನ್. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುತ್ತಾರೆ. "ಇಷ್ಟು ಚೆನ್ನಾಗಿರೋ ಬ್ಯಾಟ್ರಿನ ಯಾಕೋ ತೆಗ್ದೆ?" ಅಂತ ಹೋದಾಗಲೆಲ್ಲ ಕೇಳುತ್ತಾರೆ.